ಆಕ್ಸಿಡೆಂಟ್ ಆದ ದಿನ ಎಕ್ಸ್-ರೇ ನಾರ್ಮಲ್ ಅಂದ್ರು, 3 ವಾರ ಆದ್ಮೇಲೆ ಬೇರೆ ಬಂದಿದೆ. ಕೇಸಲ್ಲಿ ಇದು ನಿಲ್ಲುತ್ತಾ?

ವೇದಾವತಿ ದಡ:
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ನಮ್ಮಣ್ಣಂಗೆ 34 ವರ್ಷ, ಚಿತ್ರದುರ್ಗದಲ್ಲಿ ಗ್ಯಾರೇಜಲ್ಲಿ ಟಿಂಕರಿಂಗ್ ಕೆಲಸ. ಹೋದ ತಿಂಗಳು 4ನೇ ತಾರೀಕು ರಾತ್ರಿ ಶಿರಾ ಕಡೆಯಿಂದ ಸ್ನೇಹಿತರ ಕಾರಲ್ಲಿ ಬರ್ತಿದ್ದಾಗ ಎನ್‌ಎಚ್ 48ರಲ್ಲಿ ಹಿಂದಿಂದ ಲಾರಿ ಗುದ್ದಿ ಕಾರು ಹೋಗಿ ಡಿವೈಡರ್‌ಗೆ ಬಡಿದಿದೆ. ಅಣ್ಣ ಡ್ರೈವರ್ ಪಕ್ಕದ ಸೀಟಲ್ಲಿದ್ದ, ಬೆಲ್ಟ್ ಹಾಕಿದ್ದಕ್ಕೆ ಜೀವ ಉಳೀತು, ಆದ್ರೆ ಬಲಗೈಯನ್ನ ಡ್ಯಾಶ್‌ಬೋರ್ಡ್‌ಗೆ ಊರಿಬಿಟ್ಟಿದ್ದ.

ಹೈವೇ ಹತ್ರದ ಒಂದು ಆಸ್ಪತ್ರೆಗೆ ಕರ್ಕೊಂಡೋದ್ರು. ಹಣೆಗೆ 4 ಹೊಲಿಗೆ, ಎದೆ ಮತ್ತೆ ಕೈಗೆ ಎಕ್ಸ್-ರೇ, ಮೂಳೆ ಮುರಿದಿಲ್ಲ ಅಂತ ಹೇಳಿ ಬೆಳಿಗ್ಗೆ ಕಳಿಸಿದ್ರು. ವೂಂಡ್ ಸರ್ಟಿಫಿಕೇಟಲ್ಲಿ, ಅಂದ್ರೆ ಪೊಲೀಸ್ ಕೇಸ್‌ಗೆ ಡಾಕ್ಟರ್ ಕೊಡೋ ಗಾಯದ ಪತ್ರದಲ್ಲಿ, ಗಾಯ ಸಿಂಪಲ್ ಅಂತ ಬರೆದಿದಾರೆ. ಕುತ್ತಿಗೆ ನೋವು ಅಂತ ಅಣ್ಣ ಹೇಳಿದ್ನಂತೆ, ಆದ್ರೆ ಅದು ಎಲ್ಲೂ ಬರೆದ ಹಾಗೆ ಕಾಣ್ತಿಲ್ಲ.

ಆಮೇಲೆ ನೋವು ಕಮ್ಮಿನೇ ಆಗ್ಲಿಲ್ಲ. ಸುತ್ತಿಗೆ ಹಿಡಿಯೋಕೆ ಆಗ್ತಿಲ್ಲ. 16ನೇ ತಾರೀಕು ದುರ್ಗದಲ್ಲಿ ಮೂಳೆ ಡಾಕ್ಟರ್ ಹತ್ರ ಹೋದ್ವಿ, ಅವರು ಮತ್ತೆ ಎಕ್ಸ್-ರೇ ತೆಗ್ಸಿ ಹೆಬ್ಬೆರಳ ಬುಡದಲ್ಲಿರೋ ಸ್ಕೆಫಾಯ್ಡ್ ಅನ್ನೋ ಮೂಳೆಗೆ ಕ್ರ್ಯಾಕ್ ಇದೆ ಅಂದು ಪ್ಲಾಸ್ಟರ್ ಹಾಕಿದ್ರು. ಹೆಬ್ಬೆರಳು ಮತ್ತೆ ಪಕ್ಕದ ಬೆರಳಲ್ಲಿ ಜುಮ್ಮು ಜುಮ್ಮು ಅನ್ನುತ್ತೆ ಅಂದಿದ್ದಕ್ಕೆ 25ನೇ ತಾರೀಕು ಕುತ್ತಿಗೆ ಎಂಆರ್‌ಐ ಕೂಡ ಆಯ್ತು. ಅದರಲ್ಲಿ ಸಿ5-ಸಿ6 ಡಿಸ್ಕ್, ಅಂದ್ರೆ ಕುತ್ತಿಗೆಯ 5 ಮತ್ತೆ 6ನೇ ಮೂಳೆ ನಡುವಿನ ಮೆತ್ತೆ, ಉಬ್ಬಿ ನರ ಒತ್ತುತ್ತಿದೆ ಅಂತಿದೆ, ಕೊನೇ ಸಾಲಲ್ಲಿ ಡೀಜನರೇಟಿವ್ ಚೇಂಜಸ್, ಅಂದ್ರೆ ಸವೆತ, ಅಂತಾನೂ ಇದೆ. ಊರಲ್ಲಿ ಒಬ್ರು ಆ ಒಂದು ಪದ ಸಾಕು, ಇನ್ಶೂರೆನ್ಸ್‌ನವರು ಇದು ಮುಂಚಿನ ಕಾಯಿಲೆ ಅಂತ ಕೈ ತೊಳ್ಕೋತಾರೆ ಅಂದ್ರು. ಅದಕ್ಕೇ ಕೇಳ್ತಿದೀನಿ, ತಡವಾಗಿ ತೆಗೆಸಿದ ಈ ಸ್ಕ್ಯಾನ್‌ಗಳಿಗೆ ಕೇಸಲ್ಲಿ ಬೆಲೆ ಇದೆಯಾ? ಅವನ ಸಂಬಳದ ಮೇಲೇ ಮನೆ ನಡೀತಿರೋದು.

ಕತ್ತಲೆ ಕೋಣೆ:
ನಾನು 19 ವರ್ಷದಿಂದ ಎಕ್ಸ್-ರೇ ಟೆಕ್ನಿಷಿಯನ್. ಮೊದಲು ಕೈ ವಿಷಯ ಹೇಳ್ತೀನಿ ಯಾಕಂದ್ರೆ ಸ್ಕೆಫಾಯ್ಡ್ ನಮ್ಮ ಕೆಲಸದಲ್ಲಿ ತುಂಬಾ ಮೋಸ ಮಾಡೋ ಮೂಳೆ. ಗೋಡಂಬಿ ಬೀಜದಷ್ಟು ಇರುತ್ತೆ, ವಕ್ರವಾಗಿ ಕೂತಿರುತ್ತೆ, ಮೊದಲ ದಿನ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ರೆ ಮಾಮೂಲಿ ಎರಡು ಆ್ಯಂಗಲ್ ಫಿಲ್ಮಲ್ಲಿ ಕಾಣದೇ ಹೋಗಬಹುದು. 10-14 ದಿನ ಆದ್ಮೇಲೆ ಬಿರುಕಿನ ಅಂಚಲ್ಲಿ ಮೂಳೆ ಸ್ವಲ್ಪ ಕರಗಿ ಗೆರೆ ಎದ್ದು ಕಾಣುತ್ತೆ. ಅದಕ್ಕೇ ಹೆಬ್ಬೆರಳ ಬುಡದ ಗುಳಿಯಲ್ಲಿ ಒತ್ತಿದ್ರೆ ನೋವಿದೆ ಅಂದ್ರೆ, ಎಕ್ಸ್-ರೇ ನಾರ್ಮಲ್ ಇದ್ರೂ ಪ್ಲಾಸ್ಟರ್ ಹಾಕಿ ಎರಡು ವಾರಕ್ಕೆ ಮತ್ತೆ ತೆಗೆಸಿ ಅನ್ನೋದು ಎಲ್ಲ ಆರ್ಥೋ ಡಾಕ್ಟರ್‌ಗಳೂ ಕಲಿತಿರೋ ಪಾಠ. ನಿಮ್ಮಣ್ಣಂಗೆ 12ನೇ ದಿನಕ್ಕೆ ಸಿಕ್ಕಿದೆ ಅಂದ್ರೆ ಆ ಪಾಠದ ಲೆಕ್ಕಕ್ಕೇ ಸರಿಯಾಗಿ ಸಿಕ್ಕಿದೆ, ಇದನ್ನ ಯಾರೂ ತಡ ಅನ್ನಲ್ಲ.

ಪ್ಲಾಸ್ಟರ್ ವಿಷಯದಲ್ಲಿ ಮಾತ್ರ ಹಗುರವಾಗಿ ತಗೋಬೇಡಿ ಅಮ್ಮ. ಆ ಮೂಳೆಗೆ ರಕ್ತ ಬರೋದು ಬೆರಳಿನ ಕಡೆಯಿಂದ ಹಿಂದಕ್ಕೆ, ಸರಿಯಾಗಿ ಕೂಡದಿದ್ರೆ ಮುಂಗೈ ಕಡೆಯ ತುಂಡು ರಕ್ತ ಸಿಗದೇ ಒಣಗಿಹೋಗಬಹುದು. ಟಿಂಕರಿಂಗ್ ಮಾಡೋರಿಗೆ ಬಲಗೈ ಮಣಿಕಟ್ಟು ಹೋದ್ರೆ ಏನು ಉಳೀತು?

ಇನ್ನೊಂದು, ಮೊದಲ ದಿನದ ಫಿಲ್ಮ್ ಎಲ್ಲಿದೆ? ನಾರ್ಮಲ್ ಅಂತ ಬಿಸಾಕಿಲ್ಲ ತಾನೇ?

ವೇದಾವತಿ ದಡ:
ಸರ್ ಅತ್ತಿಗೆ ಬೀರು ಮೇಲೆ ಇಟ್ಟಿದಾರೆ ಅಂದ್ರು. ಹುಡುಕಿಸ್ತೀನಿ.

ಅಡಿಕೆ ತೋಟ:
ಮೊದಲ ದಿನವೇ ಎಂಆರ್‌ಐ ಮಾಡಿಬಿಟ್ಟಿದ್ರೆ ಈ ತಲೆನೋವೇ ಇರ್ತಿರ್ಲಿಲ್ಲ ಅಲ್ವಾ? ಆಸ್ಪತ್ರೆಯವರು ಯಾಕೆ ಮಾಡಲ್ಲ? ತಲೆಯಿಂದ ಕಾಲವರೆಗೂ ಒಂದೇ ಸಲ ಮಾಡಿಸಿಬಿಡಬೇಕು.

ಕತ್ತಲೆ ಕೋಣೆ:
ಹಾಗಲ್ಲ ಸರ್. ಆಕ್ಸಿಡೆಂಟ್ ಕೇಸ್ ಬಾಗಿಲಿಗೆ ಬಂದಾಗ ಮೊದಲು ನೋಡೋದು ಈ ಮನುಷ್ಯ ಬದುಕ್ತಾನಾ ಅಂತ. ಎದೆ ಎಕ್ಸ್-ರೇ, ಹೊಟ್ಟೆಯಲ್ಲಿ ರಕ್ತ ಸೇರಿದೆಯಾ ಅಂತ ಫಾಸ್ಟ್ ಅನ್ನೋ ಅಲ್ಟ್ರಾಸೌಂಡ್, ತಲೆಗೆ ಪೆಟ್ಟಿದ್ರೆ ಸಿಟಿ. ಸಿಟಿ ಕೆಲವೇ ನಿಮಿಷದ ಕೆಲಸ, ತಾಜಾ ರಕ್ತಸ್ರಾವ ಚೆನ್ನಾಗಿ ಕಾಣುತ್ತೆ. ಎಂಆರ್‌ಐ ಅಂದ್ರೆ ಅರ್ಧ ಗಂಟೆ ಅಲ್ಲಾಡದೇ ಮಲಗಬೇಕು, ಬಿಪಿ ಬೀಳ್ತಿರೋ ಮನುಷ್ಯನ್ನ ಆ ಕೊಳವೆ ಒಳಗೆ ಹಾಕೋದು ಅಪಾಯ. ಸಿಟಿಯನ್ನೂ ಸುಮ್ಮನೆ ಮಾಡೋ ಹಾಗಿಲ್ಲ, ಎದೆ ಎಕ್ಸ್-ರೇ ವಿಕಿರಣ ಸುಮಾರು 0.1 ಮಿಲಿಸೀವರ್ಟ್ ಆದ್ರೆ ತಲೆ ಸಿಟಿ ಸುಮಾರು 2, ಅಂದ್ರೆ 20 ಪಟ್ಟು, ಹೊಟ್ಟೆ ಸಿಟಿ ಅದಕ್ಕೂ ಜಾಸ್ತಿ. ಎಂಆರ್‌ಐಯಲ್ಲಿ ವಿಕಿರಣ ಇಲ್ಲ ನಿಜ, ಆದ್ರೆ ಅದರ ಕೆಲಸ ಬೇರೆ, ಡಿಸ್ಕ್, ಲಿಗಮೆಂಟ್, ಬೆನ್ನುಹುರಿ, ಮೂಳೆ ಒಳಗಿನ ಊತ ಇಂಥವಕ್ಕೆ. ಯಾವ ನೋವಿಗೆ ಯಾವ ಮಷೀನು ಅನ್ನೋದನ್ನ ಡಾಕ್ಟರ್ ಮುಟ್ಟಿ ನೋಡಿ ಹೇಳಬೇಕು.

ಮೇಯೋ ಹಾಲ್ ಮೆಟ್ಟಿಲು:
ನಾನು ಬೆಂಗಳೂರಲ್ಲಿ ಎಂಎಸಿಟಿ, ಅಂದ್ರೆ ವಾಹನ ಅಪಘಾತ ಪರಿಹಾರದ ಟ್ರಿಬ್ಯುನಲ್ ಕೇಸುಗಳನ್ನೇ ಹೆಚ್ಚಾಗಿ ನಡೆಸೋ ವಕೀಲೆ. ವೇದಾವತಿ ಅವರೇ, ನಿಮ್ಮೂರಿನವರು ಹೇಳಿದ್ದಕ್ಕೆ ಹೆದರಬೇಡಿ, ಆದ್ರೆ ಕೆಲವು ಕೆಲಸ ಈ ವಾರವೇ ಮಾಡಿ.

ಮೊದಲು ಕೈ. ಹಳೇ ಐಪಿಸಿ 320ರಲ್ಲಿದ್ದ ಹಾಗೆಯೇ ಅದರ ಜಾಗಕ್ಕೆ ಬಂದ ಬಿಎನ್‌ಎಸ್, ಅಂದ್ರೆ ಭಾರತೀಯ ನ್ಯಾಯ ಸಂಹಿತೆಯ 116ರಲ್ಲೂ ಮೂಳೆ ಅಥವಾ ಹಲ್ಲು ಮುರಿದ್ರೆ, ಜಾರಿದ್ರೆ ಅದು ತೀವ್ರ ಗಾಯ, ಅಂದ್ರೆ ಗ್ರೀವಿಯಸ್. ನಿಮ್ಮ ಎಫ್‌ಐಆರ್ ಬಹುಶಃ 281, ಅಂದ್ರೆ ಅಜಾಗರೂಕ ಚಾಲನೆ, ಮತ್ತೆ 125(ಎ), ಅಂದ್ರೆ ಸಾಮಾನ್ಯ ಗಾಯ, ಇವುಗಳ ಅಡಿ ಆಗಿರುತ್ತೆ. ಫ್ರ್ಯಾಕ್ಚರ್ ಅಂತ ಆದ್ರೆ ತೀವ್ರ ಗಾಯದ 125(ಬಿ) ಬರುತ್ತೆ. ಎರಡನೇ ಎಕ್ಸ್-ರೇ ರಿಪೋರ್ಟ್ ಮತ್ತೆ ಆರ್ಥೋ ಡಾಕ್ಟರ್ ಚೀಟಿ ಹಿಡ್ಕೊಂಡು ತನಿಖಾಧಿಕಾರಿಗೆ ಒಂದು ಅರ್ಜಿ ಕೊಡಿ, ವೂಂಡ್ ಸರ್ಟಿಫಿಕೇಟ್ ಕೊಟ್ಟ ಡಾಕ್ಟರ್ ಹತ್ರ ಮುಂದಿನ ಅಭಿಪ್ರಾಯ ತರಿಸಿಕೊಳ್ಳಿ ಅಂತ. ಅರ್ಜಿಗೆ ಸ್ವೀಕೃತಿ ಹಾಕಿಸ್ಕೊಳ್ಳಿ. ಚಾರ್ಜ್‌ಶೀಟ್ ಹೋಗೋಕೆ ಮುಂಚೆ ಇದು ಆಗಬೇಕು. ಎಷ್ಟೋ ಕೇಸಲ್ಲಿ ಈ ಒಂದು ಹೆಜ್ಜೆ ಮರೆತು ಆಮೇಲೆ ವರ್ಷಗಟ್ಟಲೆ ಸಿಂಪಲ್ ಅನ್ನೋ ಪದದ ಜೊತೆ ಗುದ್ದಾಡಿದೀವಿ.

ಎರಡನೇದು ಕುತ್ತಿಗೆ. ಇಲ್ಲಿ ಕಷ್ಟ ಇದೆ, ಮುಚ್ಚಿಡಲ್ಲ. ಇನ್ಶೂರೆನ್ಸ್ ವಕೀಲರು ಪಾಟಿ ಸವಾಲಲ್ಲಿ ಡಾಕ್ಟರ್‌ನ ಕೇಳೋದು ಇದನ್ನೇ, ಡೀಜನರೇಟಿವ್ ಅಂದ್ರೆ ವಯಸ್ಸಿಂದ ಬರೋದು ತಾನೇ, ಮೊದಲ ದಿನದ ದಾಖಲೆಯಲ್ಲಿ ಕುತ್ತಿಗೆ ನೋವು ಅಂತ ಒಂದು ಅಕ್ಷರ ಇದೆಯಾ? ಅದಕ್ಕೇ ಆ ಮೊದಲ ಆಸ್ಪತ್ರೆಯ ಪೂರ್ತಿ ಕೇಸ್ ಶೀಟ್ ನಕಲು ತಗೊಳ್ಳಿ. ಡಿಸ್ಚಾರ್ಜ್ ಚೀಟಿಯಲ್ಲಿ ಇಲ್ಲದ್ದು ನರ್ಸ್ ಟಿಪ್ಪಣಿಯಲ್ಲಿ ಇರುತ್ತೆ, ಅದನ್ನ ನಾನು ಕಣ್ಣಾರೆ ಎಷ್ಟೋ ಸಲ ಕಂಡಿದೀನಿ. ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮದ ಪ್ರಕಾರ ರೋಗಿ ಕೇಳಿದ್ರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು, ಒಳರೋಗಿ ದಾಖಲೆಯನ್ನ ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಕೊಂಡಿರಬೇಕು. ಬಾಯಲ್ಲಿ ಕೇಳಬೇಡಿ, ಬರೆದು ಕೊಡಿ. ಈಗ ನೋಡ್ತಿರೋ ಡಾಕ್ಟರ್ ಹತ್ರಾನೂ ಅಪಘಾತದ ದಿನಾಂಕ, ಅವತ್ತಿಂದ ನೋವಿದೆ, ಜುಮ್ಮು ಯಾವತ್ತು ಶುರುವಾಯ್ತು, ಮುಂಚೆ ಈ ತೊಂದರೆ ಇರ್ಲಿಲ್ಲ, ಇಷ್ಟನ್ನ ಒಪಿಡಿ ಚೀಟಿಯಲ್ಲಿ ಬರೆಸಿ. ನಿಜ ಇದ್ದದ್ದನ್ನ ಮಾತ್ರ.

ಮೋಟಾರು ವಾಹನ ಕಾಯ್ದೆ 166(3)ರಲ್ಲಿ 6 ತಿಂಗಳೊಳಗೆ ಅರ್ಜಿ ಹಾಕಬೇಕು ಅಂತ 2022ರ ಏಪ್ರಿಲ್ 1ರಿಂದ ಬಂದಿದೆ. ಅದನ್ನ ಪ್ರಶ್ನಿಸಿ ಸುಪ್ರೀಂ ಕೋರ್ಟಲ್ಲಿ ಅರ್ಜಿಗಳಿವೆ, ಆದ್ರೂ ಅದನ್ನ ನಂಬ್ಕೊಂಡು ಕೂರಬೇಡಿ.

ಹೈವೇ ಹಕ್ಕಿ:
ಇಷ್ಟೆಲ್ಲಾ ಯಾಕೆ, ಆಸ್ಪತ್ರೆ ಹತ್ರ ಏಜೆಂಟ್‌ಗಳಿರ್ತಾರೆ, ಎಂಆರ್‌ಐ ರಿಪೋರ್ಟ್ ಕೊಟ್ರೆ 40 ಪರ್ಸೆಂಟ್ ಡಿಸೆಬಿಲಿಟಿ ಸರ್ಟಿಫಿಕೇಟ್ ಮಾಡಿಸಿ ಕೊಡ್ತಾರೆ, ನಮ್ಮ ಚಿಕ್ಕಪ್ಪಂಗೆ ಹಾಗೇ ಮಾಡ್ಸಿದ್ದು.

ಮೇಯೋ ಹಾಲ್ ಮೆಟ್ಟಿಲು:
ದಯವಿಟ್ಟು ಈ ದಾರಿ ಹಿಡೀಬೇಡಿ, ಬೇರೆಯವರಿಗೂ ಹೇಳಬೇಡಿ. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಅಂತ ಸುಪ್ರೀಂ ಕೋರ್ಟ್ ತೀರ್ಪಿದೆ, 2011ರ ಎಸ್‌ಸಿಸಿ ಅನ್ನೋ ತೀರ್ಪುಗಳ ಸಂಗ್ರಹದಲ್ಲಿ ವರದಿಯಾಗಿರೋದು, ಗಾಯಾಳು ಕೇಸುಗಳಿಗೆ ಅದೇ ಅಡಿಪಾಯ. ಚಿಕಿತ್ಸೆ ಕೊಡದ ಡಾಕ್ಟರ್‌ಗಳು ಸುಲಭವಾಗಿ ಕೊಡೋ ಸರ್ಟಿಫಿಕೇಟ್ ಬಗ್ಗೆ ಟ್ರಿಬ್ಯುನಲ್ ಎಚ್ಚರವಾಗಿರಬೇಕು, ಬೇಕಾದ್ರೆ ಮೆಡಿಕಲ್ ಬೋರ್ಡ್‌ಗೆ ಕಳಿಸಬಹುದು ಅಂತ ಅದರಲ್ಲೇ ಇದೆ. ಸುಳ್ಳು ಪರ್ಸೆಂಟೇಜ್ ಸಿಕ್ಕಿಬಿದ್ರೆ ನಿಜವಾದ ಮುರಿದ ಮೂಳೆಯ ಬಗ್ಗೆಯೂ ನ್ಯಾಯಾಧೀಶರಿಗೆ ಅನುಮಾನ ಬರುತ್ತೆ.

ಪರ್ಸೆಂಟೇಜ್ ಒಂದೇ ಮುಖ್ಯ ಅಲ್ಲ ಅನ್ನೋದನ್ನೂ ಅದೇ ತೀರ್ಪು ಹೇಳುತ್ತೆ. ಎಡಗೈ ಕಳ್ಕೊಂಡವನು ಡ್ರೈವರ್ರೋ ಬಡಗಿಯೋ ಆಗಿದ್ರೆ ದುಡಿಮೆ ಹೆಚ್ಚುಕಮ್ಮಿ ಪೂರ್ತಿ ಹೋದ ಹಾಗೆ, ಅದೇ ಸರ್ಕಾರಿ ಗುಮಾಸ್ತ ಆಗಿದ್ರೆ ಕೆಲಸ ಹಾಗೇ ಉಳೀಬಹುದು. ನಮ್ಮ ಕರ್ನಾಟಕದ ಕೋರ್ಟುಗಳಲ್ಲಿ ಕೈಗೆ 30 ಪರ್ಸೆಂಟ್ ಅಂದ್ರೆ ಇಡೀ ದೇಹಕ್ಕೆ ಮೂರನೇ ಒಂದು ಭಾಗ, 10 ಅಂತ ಹಿಡಿಯೋದು ರೂಢಿ. ಲೆಕ್ಕ ನೋಡಿ, ತಿಂಗಳಿಗೆ 24,000 ದುಡಿಮೆ, ವಯಸ್ಸು 34 ಅಂದ್ರೆ ಸರಳಾ ವರ್ಮಾ ಅನ್ನೋ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಗುಣಕ, ಅಂದ್ರೆ ವರ್ಷದ ದುಡಿಮೆಯನ್ನ ಗುಣಿಸೋ ಸಂಖ್ಯೆ, 16. ದುಡಿಮೆ ನಷ್ಟ 10 ಪರ್ಸೆಂಟ್ ಅಂದ್ರೆ 4,60,800 ರೂಪಾಯಿ. ಅದೇ ಮಣಿಕಟ್ಟು ತಿರುಗ್ತಿಲ್ಲ, ಸುತ್ತಿಗೆ ಹಿಡಿಯೋ ಬಲ ಇಲ್ಲ ಅಂತ ಚಿಕಿತ್ಸೆ ಕೊಟ್ಟ ಡಾಕ್ಟರೇ ಬಂದು ಎಕ್ಸ್-ರೇ ತೋರಿಸಿ ಸಾಕ್ಷಿ ಹೇಳಿ, ಕೋರ್ಟು ದುಡಿಮೆ ನಷ್ಟ 25 ಅಂತ ಒಪ್ಪಿದ್ರೆ 11,52,000. ಭವಿಷ್ಯದಲ್ಲಿ ಆದಾಯ ಏರೋದು, ನೋವು, ಆಸ್ಪತ್ರೆ ಖರ್ಚು ಬೇರೆ. ಈ ವ್ಯತ್ಯಾಸ ತರೋದು ಗ್ಯಾರೇಜ್ ಮಾಲೀಕರ ಪತ್ರ ಮತ್ತೆ ನಿಜವಾದ ಫಿಲ್ಮು, ಏಜೆಂಟ್ ಅಲ್ಲ.

ಬಂದ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ನನಗೆ ಅಂತ ವಕೀಲರು ಕರಾರು ಮಾಡೋಕೆ ಬಾರ್ ಕೌನ್ಸಿಲ್ ನಿಯಮ ಬಿಡಲ್ಲ. ಖಾಲಿ ಪೇಪರ್, ಖಾಲಿ ಚೆಕ್‌ಗೆ ಯಾರೇ ಕೇಳಿದ್ರೂ ಸಹಿ ಹಾಕಬೇಡಿ.

ಮಲಪ್ರಭೆ ನೀರು:
ನಮ್ಮ ಮನ್ಯಾಗ ಆದದ್ದು ಹೇಳ್ತೀನ್ರಿ, ಯಾರಿಗರ ಉಪಯೋಗ ಆದ್ರ ಆಗ್ಲಿ. ಅಪ್ಪಾರಿಗೆ 68, ರಕ್ತ ತೆಳು ಆಗೋ ಗುಳಿಗಿ ತಗೋತಿದ್ರು. ಧಾರವಾಡ ಹತ್ರ ಕಾರ್ ಪಲ್ಟಿ ಆತು, ತಲಿಗೆ ಪೆಟ್ಟು ಬಿತ್ತು. ಅವತ್ತ ಸಿಟಿ ಮಾಡಿದ್ರು, ಏನೂ ಇಲ್ಲ ಅಂದ್ರು, ಮನಿಗೆ ಬಂದ್ವಿ. ಮೂರು ವಾರ ಆದಮ್ಯಾಲ ನಡಿಗಿ ಒಂದ್ಕಡೆ ಎಳ್ಯಾಕತ್ತು, ಮಾತು ತೊದಲಾಕತ್ತು, ನನ್ನ ಮಗನ ಹೆಸರ ಮರತ್ರು. ನಾವು ವಯಸ್ಸಾತು ಅದಕ್ಕ ಅಂತ ನಾಲ್ಕು ದಿನ ಸುಮ್ನ ಇದ್ವಿ, ಆ ನಾಲ್ಕು ದಿನ ನೆನಸಿದ್ರ ಈಗೂ ಹೊಟ್ಟ್ಯಾಗ ಸಂಕಟ ಆಗ್ತದ. ಮತ್ತ ಸಿಟಿ ಮಾಡ್ಸಿದ್ರ ಮೆದುಳಿನ ಮ್ಯಾಲ ಹಳೇ ರಕ್ತ ತುಂಬಿತ್ತು, ಕ್ರಾನಿಕ್ ಸಬ್‌ಡ್ಯೂರಲ್ ಅಂತಾರಂತ್ರಿ. ಬುರುಡಿಗೆ ಸಣ್ಣ ತೂತು ಹಾಕಿ ತಗದ್ರು, ದೇವರ ದಯಾ, ಈಗ ಹೊಲಕ್ಕ ಹೋಗ್ತಾರ.

ಕೇಸಿನ್ಯಾಗ ನಮ್ಮನ್ನ ಕಾಯ್ದದ್ದು ಮೊದಲನೇ ದಿನದ ಸಿಟಿ ಫಿಲ್ಮು. ಅವತ್ತು ತಲಿಗೆ ಪೆಟ್ಟಾಗಿತ್ತು, ಸ್ಕ್ಯಾನ್ ಮಾಡಿದ್ವಿ, ಆಗ ಹಳೇ ರಕ್ತ ಇರಲಿಲ್ಲ ಅನ್ನೋದ ಅದರಿಂದ ಸಿದ್ಧ ಆತು. ನಾರ್ಮಲ್ ರಿಪೋರ್ಟು ಅಂತ ಒಗದಿದ್ರ ಮುಗದಿತ್ತು. ವಯಸ್ಸಾದೋರು, ರಕ್ತದ ಗುಳಿಗಿ ತಗೋಳೋರು ಮನ್ಯಾಗಿದ್ರ ಎರಡು ತಿಂಗಳು ಕಣ್ಣಿಟ್ಟು ನೋಡ್ರಿ.

ಕತ್ತಲೆ ಕೋಣೆ:
ಮಲಪ್ರಭೆ ಅವರೇ, ಬರೆದಿದ್ದಕ್ಕೆ ತುಂಬಾ ಧನ್ಯವಾದ, ನಾವು ಕೌಂಟರಲ್ಲಿ ಫಿಲ್ಮ್ ಕೊಡುವಾಗ ಎಷ್ಟು ಹೇಳಿದ್ರೂ ಜನ ಹೀಗೆ ಕೇಳಿಸ್ಕೊಳ್ಳಲ್ಲ.

ಫಿಲ್ಮ್ ಇಡೋ ಬಗ್ಗೆ ಹೇಳಿಬಿಡ್ತೀನಿ. ಈಗಿನ ಡ್ರೈ ಫಿಲ್ಮ್ ಬಿಸಿಯಿಂದ ಪ್ರಿಂಟ್ ಆಗೋವು, ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ, ಆ ಶಾಖಕ್ಕೆ ಇಡೀ ಹಾಳೆ ಕಪ್ಪಾಗುತ್ತೆ. ಪಾಪ ಒಬ್ರು ತಂದೆ ಮಗಳ ಕಾಲಿನ ಫಿಲ್ಮ್ ಜೋಪಾನ ಮಾಡೋಣ ಅಂತ ಲ್ಯಾಮಿನೇಟ್ ಮಾಡಿಸಿ ನಮ್ಮ ಹತ್ರ ತಂದಿದ್ರು, ಅದರಲ್ಲಿ ಏನೂ ಉಳಿದಿರ್ಲಿಲ್ಲ. ಬಿಸಿಲಲ್ಲಿ, ಕಾರಿನ ಡಿಕ್ಕಿಯಲ್ಲಿ, ಒಲೆ ಹತ್ರದ ಅಟ್ಟದ ಮೇಲೆ ಇಡಬೇಡಿ. ಸೆಂಟರಲ್ಲಿ ಸಿಡಿ ಅಥವಾ ಪೆನ್‌ಡ್ರೈವಲ್ಲಿ ಡೈಕಾಮ್, ಅಂದ್ರೆ ಸ್ಕ್ಯಾನಿನ ಮೂಲ ಕಂಪ್ಯೂಟರ್ ಫೈಲ್ ಕೊಡಿ ಅಂತ ಕೇಳಿ, ಫಿಲ್ಮಲ್ಲಿ ಕೆಲವು ಚಿತ್ರ ಮಾತ್ರ ಇರುತ್ತೆ, ಆ ಫೈಲಲ್ಲಿ ಎಲ್ಲಾ ಇರುತ್ತೆ, ದೊಡ್ಡದು ಮಾಡಿ ನೋಡಬಹುದು. ಕಿಟಕಿಗೆ ಹಿಡಿದು ಮೊಬೈಲಲ್ಲಿ ಫೋಟೋ ಹೊಡೆದು ವಾಟ್ಸಾಪಲ್ಲಿ ಕಳಿಸಿದ್ದನ್ನ ನೋಡಿ ಯಾವ ಡಾಕ್ಟರೂ ಸಣ್ಣ ಬಿರುಕಿನ ಬಗ್ಗೆ ಖಚಿತವಾಗಿ ಹೇಳೋಕಾಗಲ್ಲ. ಮತ್ತೆ ಫಿಲ್ಮ್ ಕೈಗೆ ಬಂದ ತಕ್ಷಣ ಹೆಸರು, ವಯಸ್ಸು, ತಾರೀಕು, ಎಡ ಬಲದ ಗುರುತು ನೋಡ್ಕೊಳ್ಳಿ. ತಪ್ಪಿದ್ರೆ ಅಲ್ಲೇ ಸರಿ ಮಾಡಿಸಿ.

ಮೇಯೋ ಹಾಲ್ ಮೆಟ್ಟಿಲು:
ಹೆಸರಿನ ಮಾತಿಗೆ ನನ್ನದೂ ಒಂದು ಸೇರಿಸ್ತೀನಿ. ಆಧಾರಲ್ಲಿ ಒಂದು ಹೆಸರು, ಆಸ್ಪತ್ರೆಯಲ್ಲಿ ಮನೆಯವರು ಕೂಗೋ ಹೆಸರು ಕೊಟ್ಟಿರ್ತಾರೆ, ಆಮೇಲೆ ಇದು ಇವರದ್ದೇ ಫಿಲ್ಮ್ ಅಂತ ಹೇಳೋಕೆ ಅಫಿಡವಿಟ್ ಓಡಾಟ. ಸಿಡಿ ಹಾಜರುಪಡಿಸೋದಾದ್ರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರ ಬೇಕು, ಎಲೆಕ್ಟ್ರಾನಿಕ್ ದಾಖಲೆಗೆ ಕೊಡೋದು, ಮುಂಚೆ ಹಳೇ ಕಾಯ್ದೆಯಲ್ಲಿ 65ಬಿ ಅಂತಿದ್ವಲ್ಲ ಅದೇ. ಬಿಲ್ಲುಗಳ ಒರಿಜಿನಲ್ ಇಟ್ಕೊಳ್ಳಿ, ಪ್ರತಿ ಸ್ಕ್ಯಾನ್ ಬಿಲ್ ಜೊತೆಗೆ ಅದನ್ನ ಮಾಡಿಸಿ ಅಂತ ಡಾಕ್ಟರ್ ಬರೆದ ಚೀಟಿ ಪಿನ್ ಮಾಡಿ. ಚೀಟಿ ಇಲ್ಲದ ಸ್ಕ್ಯಾನ್ ಬಿಲ್ ಬಗ್ಗೆ ಖಂಡಿತ ತಕರಾರು ತೆಗೀತಾರೆ.

ಮಲ್ಲಿಗೆ ಮೊಗ್ಗು:
ಮಧ್ಯೆ ಕೇಳ್ತಿರೋದಕ್ಕೆ ಕ್ಷಮಿಸಿ. ನಮ್ಮ ನಾದಿನಿ 5 ತಿಂಗಳ ಗರ್ಭಿಣಿ, ಮೊನ್ನೆ ಕಾರು ಮರಕ್ಕೆ ಗುದ್ದಿ ಮುಂಗೈ ಊದಿದೆ, ಎಕ್ಸ್-ರೇ ಬೇಡ ಅಂತ ಅತ್ತೆ ಹಠ ಹಿಡಿದಿದಾರೆ.

ಕತ್ತಲೆ ಕೋಣೆ:
ಕೈ ಎಕ್ಸ್-ರೇ ಹೊಟ್ಟೆಯಿಂದ ದೂರ, ಮಗುವಿಗೆ ತಲುಪೋ ವಿಕಿರಣ ಲೆಕ್ಕಕ್ಕೇ ಇಲ್ಲದಷ್ಟು. ಗರ್ಭಿಣಿ ಅಂತ ಮೊದಲೇ ಹೇಳಿ, ಡಾಕ್ಟರ್ ಬೇಕು ಅಂದ್ರೆ ಧೈರ್ಯವಾಗಿ ಮಾಡಿಸಿ. ಅದಕ್ಕಿಂತ ಮುಖ್ಯ, ಹೊಟ್ಟೆ ನೋವಿಲ್ಲದಿದ್ರೂ ಇವತ್ತೇ ಹೆರಿಗೆ ಡಾಕ್ಟರ್‌ಗೆ ತೋರಿಸಿ, ಬೆಲ್ಟ್ ಹೊಟ್ಟೆಗೆ ಒತ್ತಿರಬಹುದು. ಅತ್ತೆಯವರಿಗೆ ಡಾಕ್ಟರ್ ಕೈಲೇ ಹೇಳಿಸಿ.

ಕಡಲ ಗಾಳಿ:
ನಾನು ಮಂಗಳೂರಲ್ಲಿ ಫಿಸಿಯೋ. ಡಿಸ್ಕ್ ಬಗ್ಗೆ ಒಂದು ಹೇಳಲಿಕ್ಕುಂಟು. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಮಾಡಿ 2015ರಲ್ಲಿ ಒಂದು ಸಮೀಕ್ಷೆ ಬಂದಿತ್ತು, ಸೊಂಟದ ಡಿಸ್ಕ್ ಉಬ್ಬಿರುವುದು 20ರ ವಯಸ್ಸಿನವರಲ್ಲೇ 30 ಪರ್ಸೆಂಟ್, 80ರವರಲ್ಲಿ 84 ಪರ್ಸೆಂಟ್ ಅಂತ. ಅದು ಸೊಂಟದ್ದು, ಆದ್ರೆ ಕುತ್ತಿಗೆಯಲ್ಲಿಯೂ ನೋವಿಲ್ಲದವರಿಗೆ ಹೀಗೆ ಇರ್ತದೆ. ಹಾಗಾಗಿ ರಿಪೋರ್ಟಲ್ಲಿ ಡಿಸ್ಕ್ ಬಲ್ಜ್ ಅಂತ ಓದಿ ಅಣ್ಣ ಹೆದರಿ ಕುತ್ತಿಗೆ ತಿರುಗಿಸುವುದನ್ನೇ ಬಿಡುವುದು ಬೇಡ. ಆದ್ರೆ ಇಲ್ಲಿ ವಿಷಯ ಬೇರೆ ಉಂಟು, ಸಿ5-ಸಿ6ರಲ್ಲಿ ಒತ್ತುವುದು ಸಿ6 ನರ, ಆ ನರದ ಜುಮ್ಮು ಬರುವುದು ಹೆಬ್ಬೆರಳು ಮತ್ತು ತೋರುಬೆರಳಿಗೇ. ಅಂದ್ರೆ ಚಿತ್ರವೂ ದೇಹವೂ ಒಂದೇ ಮಾತು ಹೇಳ್ತಾ ಉಂಟು. ಡಾಕ್ಟರ್ ಆ ಎರಡನ್ನೂ ಜೋಡಿಸಿ ಬರೆದ್ರೆ ಡೀಜನರೇಟಿವ್ ಅನ್ನುವ ಪದಕ್ಕೆ ಅಷ್ಟು ಹೆದರಬೇಕಾಗಿಲ್ಲ. ಎಂಆರ್‌ಐಯಲ್ಲಿ ಸ್ಟರ್ ಅಂತ ಒಂದು ಸೀಕ್ವೆನ್ಸ್ ಇರ್ತದೆ, ಹೊಸ ಪೆಟ್ಟಾದ್ರೆ ಮೂಳೆಯ ಒಳಗೆ, ಲಿಗಮೆಂಟಲ್ಲಿ ಊತ ಬೆಳ್ಳಗೆ ಕಾಣ್ತದೆ, ವಾರಗಳು ಕಳೆದ ಹಾಗೆ ಅದು ಮಾಸಿ ಹೋಗ್ತದೆ. ಮೂಳೆ ಚೂಪಾಗಿ ಬೆಳೆದದ್ದು ಮಾತ್ರ ವರ್ಷಗಟ್ಟಲೆಯ ಕಥೆ, ಅದನ್ನು ಆಕ್ಸಿಡೆಂಟ್ ಮೇಲೆ ಹಾಕ್ಲಿಕ್ಕೆ ಆಗುದಿಲ್ಲ. ರೇಡಿಯಾಲಜಿಸ್ಟ್ ಹತ್ರ ಹೊಸ ಊತ ಇದೆಯಾ ಇಲ್ಲವಾ ಅಂತ ಸ್ಪಷ್ಟ ಮಾಡಿ ಕೊಡ್ಲಿಕ್ಕೆ ಕೇಳಿ.

ದೂರದ ಊರು:
ನಾನು ಡಲ್ಲಾಸಲ್ಲಿ ಇರೋದು. ಇಲ್ಲಿ ಆಕ್ಸಿಡೆಂಟ್ ಆದ್ರೆ ಲಾಯರೇ ಸ್ಕ್ಯಾನ್ ಸೆಂಟರ್‌ಗೆ ಕಳಿಸ್ತಾರೆ, ಲೆಟರ್ ಆಫ್ ಪ್ರೊಟೆಕ್ಷನ್ ಅಂತ ಬರೆದು ಕೊಡ್ತಾರೆ, ಕೇಸ್ ಮುಗಿದ ಮೇಲೆ ಬಂದ ದುಡ್ಡಲ್ಲಿ ಸೆಂಟರ್‌ನವರು ಬಿಲ್ ತಗೋತಾರೆ. ಈಗ ಕೈಯಿಂದ ಕೊಡಬೇಕಾಗಿಲ್ಲ ಅಂತ ನನಗೆ ಸಮಾಧಾನ ಆಗಿತ್ತು, ಆದ್ರೆ ಕೊನೇಲಿ ಬಿಲ್ ನೋಡಿದಾಗ ಪರಿಹಾರದ ದೊಡ್ಡ ಪಾಲು ಅದಕ್ಕೇ ಹೋಗಿತ್ತು. ಅಮೆರಿಕಾದಲ್ಲಿರೋ ನಮ್ಮವರು ಯಾರಾದ್ರೂ ಓದ್ತಿದ್ರೆ ರೇಟ್ ಎಷ್ಟು ಅಂತ ಸ್ಕ್ಯಾನ್‌ಗೆ ಮುಂಚೆ ಬರಹದಲ್ಲಿ ಕೇಳಿ.

ಅಡಿಕೆ ತೋಟ:
ಇಲ್ಲಿ ಫ್ರೀ ಚಿಕಿತ್ಸೆ ಸ್ಕೀಮ್ ಬಂದಿದೆ ಅಂತಾರಲ್ಲ, ಅದರಲ್ಲಿ ಸ್ಕ್ಯಾನ್ ಬರಲ್ವಾ?

ಮೇಯೋ ಹಾಲ್ ಮೆಟ್ಟಿಲು:
ಕೇಂದ್ರದ ಕ್ಯಾಶ್‌ಲೆಸ್ ಯೋಜನೆ 2025ರ ಮೇ 5ರಿಂದ ಇದೆ. ಅಪಘಾತದ ದಿನದಿಂದ 7 ದಿನದವರೆಗೆ, ಒಬ್ಬರಿಗೆ 1.5 ಲಕ್ಷದವರೆಗೆ, ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ. 21ನೇ ದಿನದ ಎಂಆರ್‌ಐ ಅದರೊಳಗೆ ಬರಲ್ಲ, ಅದನ್ನ ಕ್ಲೇಮಲ್ಲೇ ಕೇಳಬೇಕು. ಅಡ್ಮಿಟ್ ಆಗುವಾಗಲೇ ಆಸ್ಪತ್ರೆಯವರನ್ನ ಕೇಳಿ.

ವೇದಾವತಿ ದಡ:
ಎಲ್ರಿಗೂ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. 9 ದಿನದಲ್ಲಿ ಆದದ್ದು ಹೇಳ್ತೀನಿ. ಬೀರು ಮೇಲೆ ಮೊದಲ ದಿನದ ಫಿಲ್ಮ್ ಸಿಕ್ತು, ಕವರ್ ಮೇಲೆ ಅತ್ತಿಗೆ ಹಾಲಿನ ಲೆಕ್ಕ ಬರೆದಿದ್ರು ಅಷ್ಟೇ, ಒಳಗೆ ಚೆನ್ನಾಗಿತ್ತು. ಬರೆದು ಕೊಟ್ಟ ಮೇಲೆ ಆಸ್ಪತ್ರೆಯವರು ನಾಲ್ಕನೇ ದಿನಕ್ಕೆ ಕೇಸ್ ಶೀಟ್ ಕೊಟ್ರು. ಮೇಡಂ ನೀವು ಹೇಳಿದ್ದು ನಿಜ, ನರ್ಸ್ ಬರೆದ ಪುಟದಲ್ಲಿ ರಾತ್ರಿ 2.40ಕ್ಕೆ ಕುತ್ತಿಗೆ ನೋವು, ಬಲ ಮಣಿಕಟ್ಟು ನೋವು ಅಂತ ಒಂದೇ ಸಾಲು ಇದೆ. ಅದನ್ನ ಓದಿ ಅಣ್ಣ ಅತ್ತುಬಿಟ್ಟ, ನಾನು ಹೇಳಿದ್ದೆ ಅಂತ ಅಷ್ಟು ದಿನದಿಂದ ಹೇಳ್ತಾನೇ ಇದ್ದ.

ದುರ್ಗದ ಡಾಕ್ಟರ್ ಮೊದಲ ದಿನದ ಫಿಲ್ಮನ್ನೂ ಎರಡನೇದನ್ನೂ ಪಕ್ಕ ಪಕ್ಕ ಲೈಟ್ ಡಬ್ಬಿಗೆ ಹಾಕಿ ತೋರಿಸಿದ್ರು, ಈಗ ಗೊತ್ತಿದ್ದು ನೋಡಿದ್ರೆ ಮೊದಲನೇದ್ರಲ್ಲೂ ಅದೇ ಜಾಗದಲ್ಲಿ ತುಂಬಾ ಸಣ್ಣ ಗೆರೆ ಇದೆ ಅಂದ್ರು. ಒಪಿಡಿ ಚೀಟಿಯಲ್ಲಿ ಹಾಗೇ ಬರೆದು ಕೊಟ್ಟಿದಾರೆ. ಸ್ಟೇಷನ್ನಲ್ಲಿ ಅರ್ಜಿ ತಗೊಂಡು ಸೀಲ್ ಹಾಕಿದ್ರು, ಮುಂದಿನ ಅಭಿಪ್ರಾಯಕ್ಕೆ ಕಳಿಸ್ತೀವಿ ಅಂದಿದಾರೆ. ಎಂಆರ್‌ಐ ಸೆಂಟರಿಂದ ಸಿಡಿ ತಂದಿದೀನಿ, ಹೊಸ ಊತದ ಬಗ್ಗೆ ಕೇಳಿದ್ದಕ್ಕೆ ಸೋಮವಾರ ರೇಡಿಯಾಲಜಿಸ್ಟ್ ಬಂದಾಗ ಮತ್ತೆ ನೋಡಿ ಬರೆದು ಕೊಡ್ತಾರಂತೆ. ಪ್ಲಾಸ್ಟರ್ ಇನ್ನೂ 4 ವಾರ, ಆಮೇಲೆ ಮೂಳೆ ಕೂಡಿದೆಯಾ ಅಂತ ಮಣಿಕಟ್ಟಿಗೆ ಸಿಟಿ ಬೇಕಾಗಬಹುದು ಅಂದ್ರು. ಕತ್ತಲೆ ಕೋಣೆ ಸರ್, ಆ ಸಿಟಿ ಪ್ಲಾಸ್ಟರ್ ಬಿಚ್ಚಿಯೇ ಮಾಡಿಸಬೇಕಾ, ಮೇಲಿದ್ರೂ ಆಗುತ್ತಾ?

ಕತ್ತಲೆ ಕೋಣೆ:
ಮೇಲಿದ್ರೂ ಆಗುತ್ತೆ ಅಮ್ಮ, ಪ್ಲಾಸ್ಟರ್ ಒಳಗಿನ ಮೂಳೆ ಸಿಟಿಯಲ್ಲಿ ಕಾಣುತ್ತೆ. ಬಿಚ್ಚೋದು ಬಿಡೋದು ಡಾಕ್ಟರ್ ನಿರ್ಧಾರ, ನೀವಾಗಿ ಬಿಚ್ಚಿಸಬೇಡಿ. ಹೋಗುವಾಗ ಈ ಎರಡೂ ಹಳೇ ಫಿಲ್ಮ್ ಜೊತೆಗೆ ತಗೊಂಡು ಹೋಗಿ.